ಸ್ಲೋನಲ್ಲಿ ನಿಲ್ಲದ ದೋಣಿ ಇಂಜಿನ್

ದೋಣಿ ಇಂಜಿನ್ ಬಗ್ಗೆ ಬಳ್ಳಾರಿಯಿಂದ ಬರೆಯೋದಾ ಅಂತ ಉಳ್ಳಾಲ, ಬೆಂಗ್ರೆ ಕಡೆಯ ಓದುಗರು ನಗಬಹುದು. ಇಲ್ಲಿ ಕಡಲಿಲ್ಲ, ಅಳಿವೆಯಿಲ್ಲ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯಬೇಕು. ಆದರೆ ಬಳ್ಳಾರಿಯಿಂದ ಕುರುಗೋಡು ದಾಟಿ ಸಿರುಗುಪ್ಪಕ್ಕೆ ಹೋದರೆ ತುಂಗಭದ್ರೆ ಸಿಗುತ್ತಾಳೆ. ಅಲ್ಲಿ ದಿನನಿತ್ಯದ ಓಡಾಟಕ್ಕೆ, ಮೀನು ಹಿಡಿಯೋದಕ್ಕೆ ಹರಿಗೋಲೇ ಗತಿ, ಅದಕ್ಕೆ ಇಂಜಿನ್ ಬೇಕಿಲ್ಲ. ಇಂಜಿನ್ ಕಟ್ಟಿದ ದೋಣಿ ಬರೋದು ಹೊಳೆ ಉಕ್ಕಿದಾಗ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆಯೂ ವೇದಾವತಿಯೂ ಒಟ್ಟಿಗೆ ಮೈದುಂಬಿ ಸಿರುಗುಪ್ಪ ತಾಲೂಕಿನ ಊರುಗಳು ನೀರಲ್ಲಿ ನಿಂತದ್ದನ್ನು ಇಲ್ಲಿನ ಜನ ಈಗಲೂ ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾದಾಗಲೂ ಹೊಳೆದಂಡೆಯ ಊರುಗಳಿಗೆ ನಿದ್ದೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ನೀರಿಗೆ ಇಳಿಯುವ ರಬ್ಬರ್ ಬೋಟಿನ ಹಿಂದೆ ನೇತಾಡುವುದು ನಮ್ಮ ನಾಡದೋಣಿಯ ಹಿಂದೆ ನೇತಾಡುವ ಜಾತಿಯದೇ ಔಟ್‌ಬೋರ್ಡ್ ಇಂಜಿನ್.

ಎರಡೂ ಕಡೆ ಕಾಯಿಲೆಯೂ ಒಂದೇ. ತಿಂಗಳುಗಟ್ಟಲೆ ಮೂಲೆಯಲ್ಲಿ ಮಲಗಿದ್ದ ಹಳೆ ಇಂಜಿನ್ ಹಗ್ಗ ಎಳೆದರೆ ಶುರುವೇನೋ ಆಗುತ್ತೆ. ರೇಸ್ ಕೊಟ್ಟರೆ ಚೆನ್ನಾಗಿಯೇ ಕೂಗುತ್ತೆ. ರೇಸ್ ಬಿಟ್ಟ ಕೂಡಲೇ ಗಡಗಡ ಅಲುಗಾಡಿ, ಎರಡು ಸಲ ಕೆಮ್ಮಿ, ಪಟ್ಟನೆ ಸಾಯುತ್ತೆ. ಮಿಸ್ತ್ರಿಗಳ ಮಾತಲ್ಲಿ ಹೇಳೋದಾದರೆ ‘ಸ್ಲೋ ನಿಲ್ತಿಲ್ಲ’.

ಸ್ಲೋ ನಿಲ್ಲದಿದ್ದರೆ ಏನಾಯಿತು, ಓಡುವಾಗ ಓಡುತ್ತಲ್ಲ ಅನ್ನುವವರು ಇದ್ದಾರೆ. ಕಡಲಿಗೆ ಹೋಗುವವರು ಹಾಗೆ ಅನ್ನಲಾರರು. ಅಳಿವೆ ದಾಟುವಾಗ ಅಲೆ ನೋಡಿಕೊಂಡು ರೇಸ್ ಇಳಿಸಬೇಕು, ಕಾಯಬೇಕು, ಸಂದು ಸಿಕ್ಕ ಕೂಡಲೇ ಏರಿಸಬೇಕು. ಆ ಕಾಯುವ ಅರೆಗಳಿಗೆಯಲ್ಲಿ ಇಂಜಿನ್ ಸತ್ತರೆ ದೋಣಿ ಅಲೆಗೆ ಅಡ್ಡ ತಿರುಗುತ್ತೆ. ಮತ್ತೆ ಹಗ್ಗ ಎಳೆಯುವಷ್ಟು ಸಮಯ ಅಲೆ ಕೊಡಲ್ಲ. ಪ್ರವಾಹದಲ್ಲೂ ಅಷ್ಟೇ. ಮನೆಯ ಮಾಳಿಗೆ ಮೇಲೆ ನಿಂತವರನ್ನು ಇಳಿಸಿಕೊಳ್ಳಲು ದೋಣಿಯನ್ನು ನಿಧಾನ ಮಾಡಿ ಗೋಡೆಗೆ ತಾಗಿಸಬೇಕು. ಆಗಲೇ ಇಂಜಿನ್ ನಿಂತರೆ ಸೆಳವು ದೋಣಿಯನ್ನು ಎತ್ತ ಒಯ್ಯುತ್ತೋ ಹೇಳಲಾಗದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಆಗ 10 ಅಶ್ವಶಕ್ತಿ ತನಕದ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಅಂದರೆ ಸಣ್ಣ ಹಳೆ ಇಂಜಿನ್‌ಗಳು ಕಡಲಿಗೆ ಇಳಿಯುವುದು ಕಡಲು ಅತ್ಯಂತ ಒರಟಾಗಿರುವ ತಿಂಗಳುಗಳಲ್ಲಿ. ಬೇಸಿಗೆಯಿಡೀ ಮುಟ್ಟದೆ ಇಟ್ಟ ಇಂಜಿನನ್ನು ನೇರ ಅಳಿವೆಗೆ ಒಯ್ಯಬಾರದು ಅನ್ನೋದು ನಮ್ಮ ಮಾತಿನ ಅರ್ಥ.

ಸ್ಲೋ ನಿಲ್ಲದಾಗ ಎಲ್ಲರೂ ಮೊದಲು ಮಾಡುವ ಕೆಲಸ ಒಂದಿದೆ: ಸ್ಕ್ರೂಡ್ರೈವರ್ ತಂದು ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿ ಸ್ಪೀಡ್ ಏರಿಸುವುದು. ಇಂಜಿನ್ ಸಾಯುವುದು ನಿಲ್ಲುತ್ತೆ, ಸಮಾಧಾನವೂ ಆಗುತ್ತೆ. ಬಳ್ಳಾರಿ ಕೌಲ್ ಬಜಾರಿನಲ್ಲಿ ಒಬ್ಬರು ಹಿರಿಯ ಮಿಸ್ತ್ರಿ ಇದ್ದಾರೆ, ಯಮಹಾ ಆರ್‌ಎಕ್ಸ್ 100 ಬಿಚ್ಚಿ ಜೋಡಿಸುತ್ತಲೇ ತಲೆ ಹಣ್ಣಾದವರು. ಅವರು ನಮಗೆ ಹೇಳಿದ್ದು: “ಹಜ್ರತ್, ಸ್ಕ್ರೂ ತಿರುವಿದ್ರೆ ಬ್ಯಾನಿ ಹೋಗಲ್ಲ, ಮುಚ್ಚಿಟ್ಟಂಗೆ ಆಗ್ತೈತಿ.” ದೋಣಿ ಇಂಜಿನಿನಲ್ಲಿ ಹೀಗೆ ಮುಚ್ಚಿಟ್ಟರೆ ಇನ್ನೊಂದು ಹಾನಿ ಸೇರಿಕೊಳ್ಳುತ್ತೆ. ಅದರಲ್ಲಿ ಬೈಕಿನ ಹಾಗೆ ಕ್ಲಚ್ ಹಿಡಿಯುವ ವ್ಯವಸ್ಥೆ ಇಲ್ಲ. ನ್ಯೂಟ್ರಲ್‌ನಿಂದ ಗೇರಿಗೆ ಹಾಕುವಾಗ ತಿರುಗುತ್ತಿರುವ ಹಲ್ಲಿಗೆ ಹಲ್ಲು ನೇರ ಹೋಗಿ ಕಚ್ಚಿಕೊಳ್ಳುತ್ತೆ. ಇಂಜಿನ್ ಮೆತ್ತಗೆ ತಿರುಗುತ್ತಿದ್ದರೆ ಸರಿ. ಸ್ಪೀಡ್ ಏರಿಸಿಟ್ಟು ಗೇರ್ ಹಾಕಿದರೆ ಪ್ರತಿ ಸಲವೂ ‘ಟಕ್’ ಅಂತ ಹೊಡೆದು ಹಲ್ಲಿನ ಅಂಚು ಸವೆಯುತ್ತೆ, ದೋಣಿ ಮುಂದಕ್ಕೆ ಜಿಗಿಯುತ್ತೆ, ನಿಂತಿದ್ದವರು ನೀರಿಗೆ. ಕಾರ್ಬೊರೇಟರ್ ತೊಳೆಯುವ ಖರ್ಚು ಉಳಿಸಲು ಹೋಗಿ ಗೇರ್ ಬಾಕ್ಸ್ ಖರ್ಚಿಗೆ ಬಿದ್ದ ಹಾಗೆ.

ಬಿಚ್ಚುವ ಮೊದಲು ರೋಗ ಎಲ್ಲಿದೆ ಅಂತ ನೋಡಬೇಕು. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ ಸಾಕು. ಅದರ ತುಂಬ ನೀರು ಹಾಕಿ, ಇಂಜಿನಿನ ಕಾಲು ಮುಳುಗುವ ಹಾಗೆ ಗಟ್ಟಿ ಮರಕ್ಕೆ ಕಟ್ಟಿ ನಿಲ್ಲಿಸಿ. ನೀರಿಲ್ಲದೆ ಒಣಗಾಗಿ ಸ್ಟಾರ್ಟ್ ಮಾಡಲೇಬಾರದು. ತಂಪು ಮಾಡುವ ನೀರಿನ ಪಂಪಿನೊಳಗಿರುವ ರಬ್ಬರ್ ಚಕ್ರ ಒಂದೆರಡು ನಿಮಿಷದೊಳಗೇ ಸುಟ್ಟುಹೋಗಬಹುದು. ಬಯಲಲ್ಲೇ ಮಾಡಬೇಕು, ಮುಚ್ಚಿದ ಶೆಡ್ಡಿನ ಹೊಗೆ ಉಸಿರು ಕಟ್ಟಿಸುತ್ತೆ. ಸ್ಟಾರ್ಟ್ ಆದ ಮೇಲೆ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ನೋಡಿಕೊಳ್ಳಿ.

ಇಂಜಿನ್ ಬಿಸಿಯಾದ ಮೇಲೆ ರೇಸ್ ಇಳಿಸಿ. ಅಲುಗಾಡಲು ಶುರುವಾದಾಗ ಚೋಕ್ ಅರ್ಧ ಎಳೆದು ನೋಡಿ. ಚೋಕ್ ಎಳೆದಾಗ ಇಂಜಿನ್ ನೆಟ್ಟಗೆ ನಿಂತರೆ ಅದಕ್ಕೆ ಪೆಟ್ರೋಲ್ ಕಡಿಮೆ ಸಿಗುತ್ತಿದೆ ಅಂತ ಅರ್ಥ. ಸ್ಲೋ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಚೋಕ್ ಎಳೆದಾಗ ಇನ್ನಷ್ಟು ಹದಗೆಟ್ಟು ಕಪ್ಪು ಹೊಗೆ ಬಿಟ್ಟು ಸತ್ತರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಆಗ ಫ್ಲೋಟ್ ಮತ್ತು ಅದರ ಸೂಜಿಯ ಕಡೆ ನೋಡಬೇಕು. ಇನ್ನೊಂದು ಪರೀಕ್ಷೆ: ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಒತ್ತುತ್ತಾ ಹೋದರೆ ಇಂಜಿನ್ ಸುಧಾರಿಸುತ್ತದೆಯೇ? ಹಾಗಾದರೆ ಕಾರ್ಬೊರೇಟರನ್ನು ಬೈಯಬೇಡಿ. ಪೈಪು ಬಿರಿದಿದೆ, ಜಾಯಿಂಟ್ ಸಡಿಲ, ಅಥವಾ ಪೆಟ್ರೋಲ್ ಪಂಪಿನ ಡಯಾಫ್ರಮ್ ಹಳತಾಗಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗಾಗಿ ಒಂದು ಸ್ಕ್ರೂ ಇರುತ್ತೆ, ಅದನ್ನು ಬಿಚ್ಚಲು ಮರೆತು ಇಡೀ ಇಂಜಿನ್ ಬಿಚ್ಚಿದವರೂ ಉಂಟು.

ಪ್ಲಗ್ ತೆಗೆದು ನೋಡೋದು ಇದಕ್ಕೂ ಮೊದಲೇ ಆಗಬೇಕು. ಒದ್ದೆ, ಕಪ್ಪು, ಎಣ್ಣೆಣ್ಣೆ ಇದ್ದರೆ ಹೊಸದು ಹಾಕಿ. ಎರಡು ಸಿಲಿಂಡರ್ ಇಂಜಿನ್ ಆದರೆ ಎರಡು ಪ್ಲಗ್ಗನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಒಂದು ಕಾಫಿ ಬಣ್ಣ, ಇನ್ನೊಂದು ಒದ್ದೆ ಇದ್ದರೆ ಒಂದು ಸಿಲಿಂಡರ್ ಸ್ಲೋನಲ್ಲಿ ಕೆಲಸವನ್ನೇ ಮಾಡುತ್ತಿಲ್ಲ. ಪ್ಲಗ್ಗೂ ಸರಿ, ಕರೆಂಟೂ ಸರಿ, ಪೈಪೂ ಸರಿ ಅಂತಾದರೆ ಮಾತ್ರ ಕಾರ್ಬೊರೇಟರ್.

ರೇಸಿನಲ್ಲಿ ಚೆನ್ನಾಗಿ ಓಡುವ ಇಂಜಿನ್ ಸ್ಲೋನಲ್ಲಿ ಯಾಕೆ ಸಾಯುತ್ತೆ? ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಎರಡು ದಾರಿ. ದೊಡ್ಡ ದಾರಿ ಮೇನ್ ಜೆಟ್‌ನದು, ರೇಸ್ ಕೊಟ್ಟಾಗ ಅದರಲ್ಲಿ ಹರಿಯುತ್ತೆ. ರೇಸ್ ಬಿಟ್ಟಾಗ ಗಾಳಿದಾರಿಯ ಬಾಗಿಲು ಬಹುತೇಕ ಮುಚ್ಚಿಕೊಳ್ಳುತ್ತೆ, ಮೇನ್ ಜೆಟ್ಟಿನಿಂದ ಎಳೆಯುವಷ್ಟು ಗಾಳಿಯ ಸೆಳೆತ ಇರಲ್ಲ. ಆಗ ಕೂದಲೆಳೆಯಂಥ ಸ್ಲೋ ಜೆಟ್‌ನಿಂದ ಬರುವ ಹನಿಯಷ್ಟು ಪೆಟ್ರೋಲೇ ಇಂಜಿನಿಗೆ ಉಸಿರು. ಹಳೆ ಪೆಟ್ರೋಲ್ ಆರಿಹೋದಾಗ ಬಾಟಲಿಯ ತಳದ ಜೇನಿನ ಹಾಗೆ ಅಂಟು ಉಳಿಯುತ್ತಲ್ಲ, ಅದು ಮೊದಲು ಮುಚ್ಚುವುದು ಈ ಸಣ್ಣ ದಾರಿಯನ್ನೇ. ದೊಡ್ಡ ದಾರಿ ತೆರೆದೇ ಇರುತ್ತೆ. ಅದಕ್ಕೇ ಓಡುವಾಗ ಓಡುತ್ತೆ.

ಒಂದು ವಿಷಯ ಬೈಕ್ ಮಿಸ್ತ್ರಿಗಳಿಗೆ ಹೇಳಲೇಬೇಕು. ಆರ್‌ಎಕ್ಸ್ 100ರ ಮಿಕುನಿ ಕಾರ್ಬೊರೇಟರಿನಲ್ಲಿ ಆಕ್ಸಿಲೇಟರ್ ವೈರ್ ಎಳೆದರೆ ದುಂಡನೆಯ ಸ್ಲೈಡ್ ಮೇಲೇಳುತ್ತೆ, ಅದರ ಜೊತೆ ಸೂಜಿಯೂ ಏಳುತ್ತೆ. ದೋಣಿ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸ್ಲೈಡೂ ಇಲ್ಲ, ಸೂಜಿಯೂ ಇಲ್ಲ. ನಾಣ್ಯದಂಥ ತಗಡು ಅರ್ಧಕ್ಕೆ ತಿರುಗಿ ಬಾಗಿಲು ತೆರೆಯುತ್ತೆ. ಆ ತಗಡಿನ ಅಂಚಿಗೆ ಸರಿಯಾಗಿ, ಗಾಳಿದಾರಿಯ ಗೋಡೆಯಲ್ಲಿ ಎರಡು ಮೂರು ಸೂಜಿಮೊನೆಯಂಥ ತೂತುಗಳಿರುತ್ತವೆ. ತಗಡು ಸ್ವಲ್ಪ ತೆರೆದ ಕೂಡಲೇ ಒಂದೊಂದಾಗಿ ಈ ತೂತುಗಳಿಂದ ಪೆಟ್ರೋಲ್ ಬಂದು ಸ್ಲೋನಿಂದ ರೇಸಿಗೆ ಇಂಜಿನನ್ನು ಕೈಹಿಡಿದು ದಾಟಿಸುತ್ತೆ. ಸ್ಲೋ ಜೆಟ್ ತೊಳೆದು ಈ ತೂತುಗಳನ್ನು ಬಿಟ್ಟರೆ ‘ಸ್ಲೋ ನಿಲ್ತದೆ, ಆದ್ರೆ ರೇಸ್ ಎತ್ತಿಕೊಳ್ಳುವಾಗ ಮುಗ್ಗರಿಸ್ತದೆ’ ಅನ್ನುವ ದೂರು ಉಳಿಯುತ್ತೆ. ಹಲವು ಮಾದರಿಗಳಲ್ಲಿ ಈ ತೂತುಗಳ ಮೇಲೆ ಸಣ್ಣ ಮುಚ್ಚಳ ಇರುತ್ತೆ. ಸ್ಕ್ರೂ ಇರುವ ಮುಚ್ಚಳವಾದರೆ ಬಿಚ್ಚಿ ತೊಳೆಯಬಹುದು. ಬಡಿದು ಕೂರಿಸಿದ ಬಿಲ್ಲೆಯಾದರೆ ಕೈ ಹಾಕಬೇಡಿ, ಒಳಗಿನ ಕಡೆಯಿಂದ ಸ್ಪ್ರೇ ಹೊಡೆದರೆ ಸಾಕು.

ಈಗ ಬಿಚ್ಚುವ ಕೆಲಸ. ಪೆಟ್ರೋಲ್ ಪೈಪ್ ಬೇರ್ಪಡಿಸಿ, ಪ್ಲಗ್ ಕ್ಯಾಪ್ ಕಳಚಿ. ಬೀಡಿ, ಸಿಗರೇಟು, ಒಲೆ ಹತ್ತಿರ ಇರಬಾರದು. ಬಿಚ್ಚುವ ಮೊದಲು ಮೊಬೈಲಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ, ಯಾವ ಕಡ್ಡಿ ಯಾವ ತೂತಿಗೆ ಅನ್ನೋದು ಜೋಡಿಸುವಾಗ ಗೊತ್ತಾಗುತ್ತೆ. ಎರಡು ಕಾರ್ಬೊರೇಟರ್ ಇದ್ದರೆ ಒಂದನ್ನು ಪೂರ್ತಿ ಮುಗಿಸಿ ಮತ್ತೊಂದಕ್ಕೆ ಹೋಗಿ, ಜೆಟ್ ಅದಲು ಬದಲು ಆಗಬಾರದು.

ಕೆಳಗಿನ ಬಟ್ಟಲು ತೆಗೆದಾಗ ಏನು ಕಾಣುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಕರಾವಳಿಯ ಇಂಜಿನ್ ಆದರೆ ತಳದಲ್ಲಿ ನೀರಿನ ಗುಳ್ಳೆ, ಅದರ ಸುತ್ತ ಬಿಳಿ ಪುಡಿ: ಉಪ್ಪುನೀರು ಲೋಹವನ್ನು ತಿಂದ ಗುರುತು. ಬಳ್ಳಾರಿ ಬಿಸಿಲಲ್ಲಿ ಬಿದ್ದಿದ್ದ ಇಂಜಿನ್ ಆದರೆ ನೀರಿರಲ್ಲ, ಹಸಿರು ಬೆರೆತ ಕಂದು ಅಂಟು ಇರುತ್ತೆ. 40 ಡಿಗ್ರಿ ದಾಟುವ ಬಿಸಿಲಲ್ಲಿ ಬಟ್ಟಲಿನ ಪೆಟ್ರೋಲ್ ಬೇಗ ಆರಿಹೋಗುತ್ತದಲ್ಲ. ಕುರುಗೋಡು, ಸಿರುಗುಪ್ಪ ಕಡೆ ಭತ್ತ, ಮೆಣಸಿನಕಾಯಿ ಹೊಲಗಳಿಗೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪುಗಳಿಗೂ ಇದೇ ಗತಿ. ಒಂದು ಬೆಳೆ ಮುಗಿದ ಮೇಲೆ ಮೂಲೆಗಿಟ್ಟು ಮುಂದಿನ ಬೆಳೆಗೆ ತೆಗೆದರೆ ಸ್ಲೋ ನಿಲ್ಲಲ್ಲ.

ರಬ್ಬರ್ ರಿಂಗ್, ಪ್ಯಾಕಿಂಗ್, ಪ್ಲಾಸ್ಟಿಕ್ ಫ್ಲೋಟ್ ಎಲ್ಲ ಬೇರೆ ತೆಗೆದಿಟ್ಟು ಆಮೇಲೆ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಅದು ರಬ್ಬರನ್ನು ಊದಿಸುತ್ತೆ. ಕಣ್ಣಿಗೆ ಕನ್ನಡಕ ಇರಲಿ. ಈ ತೂತಿಗೆ ಹೊಡೆದರೆ ಆ ತೂತಿನಿಂದ ಮುಖಕ್ಕೇ ಚಿಮ್ಮುತ್ತೆ. ಪ್ರತಿ ದಾರಿಯಲ್ಲೂ ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಬಂತೇ ನೋಡಬೇಕು. ಬಂದರೆ ಮಾತ್ರ ದಾರಿ ತೆರೆದಿದೆ ಅಂತ ಲೆಕ್ಕ. ಅಂಟು ಗಟ್ಟಿಯಾಗಿದ್ದರೆ ಕ್ಲೀನರಿನಲ್ಲಿ ರಾತ್ರಿ ನೆನೆ ಹಾಕಿ ಮತ್ತೆ ಗಾಳಿ ಹೊಡೆಸಿ. ಪಂಕ್ಚರ್ ಅಂಗಡಿಯ ಗಾಳಿ ಸಾಕು.

ಜೆಟ್ಟಿಗೆ ಪಿನ್ನು, ಸ್ಟೀಲ್ ತಂತಿ ಚುಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನು ಬಿಡಬೇಕು. ಜೆಟ್ ಹಿತ್ತಾಳೆ, ಮೆತ್ತಗಿನ ಲೋಹ. ತಂತಿ ಒಂದು ಸಲ ಗೀರಿದರೆ ತೂತು ದೊಡ್ಡದಾಯಿತು, ಮತ್ತೆ ಆ ಇಂಜಿನ್ ಜೀವಮಾನವಿಡೀ ಹೊಗೆ ಉಗುಳುತ್ತಾ ಪೆಟ್ರೋಲ್ ಕುಡಿಯುತ್ತೆ. ಬೇಕೇ ಬೇಕು ಅಂದರೆ ಹಲ್ಲುಜ್ಜುವ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕು. ತೆರೆಯದಿದ್ದರೆ ಹೊಸ ಜೆಟ್ ಹಾಕಿ.

ಫ್ಲೋಟ್ ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತ ಬಳೆಯಂಥ ಗೆರೆ ಬಿದ್ದಿದ್ದರೆ ಪೆಟ್ರೋಲ್ ತಡೆಯಲ್ಲ, ಬದಲಿಸಿ. ಹಿತ್ತಾಳೆ ಫ್ಲೋಟ್ ಆದರೆ ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಗುಳುಗುಳು ಅಂದರೆ ತೂತಾಗಿದೆ. ಜೋಡಿಸುವಾಗ ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದು ಫ್ಲೋಟಿನ ಎತ್ತರ ಆ ಮಾದರಿಯ ಪುಸ್ತಕದಲ್ಲಿ ಹೇಳಿದಷ್ಟೇ ಇದೆಯೇ ಅಳೆಯಿರಿ. ಇಂಜಿನಿಗೂ ಕಾರ್ಬೊರೇಟರಿಗೂ ನಡುವಿನ ಪ್ಯಾಕಿಂಗ್ ಹಳತನ್ನೇ ಹಾಕಿದರೆ ಅಲ್ಲಿ ಗಾಳಿ ಎಳೆಯುತ್ತೆ, ಇಷ್ಟು ಹೊತ್ತಿನ ಕೆಲಸ ನೀರಲ್ಲಿ ಹುಣಸೆಹಣ್ಣು. ಇನ್ನು ಕಾರ್ಬೊರೇಟರಿನ ಬಾಯಿಯಿಂದ ಪೆಟ್ರೋಲ್ ಹಿಂದಕ್ಕೆ ಉಗುಳುತ್ತಿದ್ದರೆ ಅದರ ಹಿಂದಿನ ರೀಡ್ ವಾಲ್ವಿನ ಎಲೆ ಮುರಿದಿರಬಹುದು. ಅಲ್ಲಿಂದ ಮುಂದೆ ಮಿಸ್ತ್ರಿಯ ಕೆಲಸ.

ಸ್ಕ್ರೂ ತಿರುಗಿಸುವ ಸಮಯ ಬರುವುದು ಈಗ. ಸ್ಕ್ರೂಗಳು ಎರಡು. ಒಂದು ತಗಡಿನ ಬಾಗಿಲನ್ನು ತಡೆದು ಸ್ಪೀಡ್ ಹೆಚ್ಚು ಕಡಿಮೆ ಮಾಡುವುದು. ಇನ್ನೊಂದು ಪೈಲಟ್ ಸ್ಕ್ರೂ, ಗಾಳಿ ಪೆಟ್ರೋಲಿನ ಹದ ಮಾಡುವುದು. ಬಿಚ್ಚುವ ಮೊದಲೇ ಪೈಲಟ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಅಂತ ಎಣಿಸಿ ಬರೆದಿಟ್ಟಿರಬೇಕು. ಒಳಗೆ ತಿರುಗಿಸುವಾಗ ಮೆಲ್ಲಗೆ ತಾಗುವಷ್ಟೇ, ಬಿಗಿದರೆ ಮೊನೆ ಹಾಳು. ಪುಸ್ತಕದ ಲೆಕ್ಕದಷ್ಟು ಸುತ್ತು ಹೊರಗೆ ತನ್ನಿ, ಹಲವು ಹಳೆ ಇಂಜಿನ್‌ಗಳಲ್ಲಿ ಇದು ಒಂದರಿಂದ ಎರಡು ಸುತ್ತಿನೊಳಗೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಂಟನೇ ಒಂದು ಸುತ್ತಿನಂತೆ ತಿರುಗಿಸಿ, ಪ್ರತಿ ಸಲ ಹದಿನೈದು ಇಪ್ಪತ್ತು ಸೆಕೆಂಡು ಕಾದು ಕಿವಿಗೊಡಿ. ಟು ಸ್ಟ್ರೋಕ್ ಇಂಜಿನಿಗೆ ಪೆಟ್ರೋಲ್ ಕಡಿಮೆಯಾದರೆ ‘ಪುಸ್’ ಅಂತ ಸೀನುತ್ತೆ. ಹೆಚ್ಚಾದರೆ ಗೊರಗೊರ ಅಂದು ಭಾರವಾಗುತ್ತೆ. ಎರಡರ ನಡುವೆ ನೆಟ್ಟಗೆ ತಿರುಗುವ ಜಾಗ ಹುಡುಕಿ, ಅಲ್ಲಿಂದ ಪೆಟ್ರೋಲ್ ಹೆಚ್ಚಾಗುವ ಕಡೆಗೇ ಕೂದಲಷ್ಟು ಬಿಡಿ. ಯಾವ ಕಡೆ ತಿರುಗಿಸಿದರೆ ಹೆಚ್ಚಾಗುತ್ತೆ ಅನ್ನೋದು ಎಲ್ಲ ಕಾರ್ಬೊರೇಟರಿನಲ್ಲೂ ಒಂದೇ ಅಲ್ಲ. ಗಾಳಿಯ ಸ್ಕ್ರೂ ಆದರೆ ಒಳಗೆ ತಿರುಗಿಸಿದಷ್ಟು ಪೆಟ್ರೋಲ್ ಹೆಚ್ಚು, ಪೆಟ್ರೋಲಿನ ಸ್ಕ್ರೂ ಆದರೆ ಒಳಗೆ ತಿರುಗಿಸಿದಷ್ಟು ಕಡಿಮೆ. ಕೊನೆಗೆ ದೋಣಿಗೆ ಕಟ್ಟಿ, ನೀರಲ್ಲಿ, ಗೇರ್ ಹಾಕಿ ಸ್ಪೀಡ್ ನೋಡಬೇಕು. ಡ್ರಮ್ಮಿನಲ್ಲಿ ನಿಂತ ಇಂಜಿನ್ ಗೇರ್ ಹಾಕಿದಾಗ ಸಾಯಬಹುದು, ಫ್ಯಾನಿನ ಭಾರ ಬೇರೆ.

ಪೆಟ್ರೋಲಿನ ಮಾತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಶೇಕಡಾ 20ರ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಲ್ಲೇ. ಎಥೆನಾಲ್ ಗಾಳಿಯ ತೇವ ಹೀರುತ್ತೆ. ತೇವ ಮಿತಿ ಮೀರಿದರೆ ನೀರೂ ಎಥೆನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಹಳೆ ಇಂಜಿನ್‌ಗಳ ರಬ್ಬರ್ ಪೈಪು, ಡಯಾಫ್ರಮ್ ಈ ಪೆಟ್ರೋಲಿಗೆಂದು ಮಾಡಿದವಲ್ಲ. ಹಾಗಂತ ಎಲ್ಲ ಪಾಪವನ್ನೂ ಎಥೆನಾಲಿನ ತಲೆಗೆ ಕಟ್ಟುವುದು ಸರಿಯಲ್ಲ, ಎಥೆನಾಲ್ ಬರುವ ಮೊದಲೂ ಬಿಟ್ಟ ಪೆಟ್ರೋಲ್ ಅಂಟಾಗುತ್ತಲೇ ಇತ್ತು. ಸಂಶಯ ಬಂದರೆ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಒಂದು ರಾತ್ರಿ ಇಡಿ. ಬೆಳಗ್ಗೆ ಎರಡು ಪದರ ಕಂಡರೆ ಆ ಪೆಟ್ರೋಲ್ ಇಂಜಿನಿಗೆ ಬೇಡ. ಎಣ್ಣೆಯನ್ನೂ ಅಂದಾಜಿಗೆ ಸುರಿಯಬಾರದು. ಪುಸ್ತಕದಲ್ಲಿ 50:1 ಇದ್ದರೆ ಲೀಟರಿಗೆ 20 ಮಿ.ಲೀ., 25:1 ಇದ್ದರೆ 40 ಮಿ.ಲೀ. ಬೈಕಿನ ಟುಟಿ ಎಣ್ಣೆ ಅಲ್ಲ, ನೀರಿನಿಂದ ತಂಪಾಗುವ ದೋಣಿ ಇಂಜಿನಿಗೆಂದೇ ಟಿಸಿ-ಡಬ್ಲ್ಯು3 ಅಂತ ಬರೆದ ಎಣ್ಣೆ ಸಿಗುತ್ತೆ.

ಸೀಮೆಎಣ್ಣೆ ಇಂಜಿನಿನವರ ಕಥೆ ಸ್ವಲ್ಪ ಬೇರೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ನಾಡದೋಣಿಯವರಿಗೆ ಹೊಸತಲ್ಲ. ಸೀಮೆಎಣ್ಣೆ ತಣ್ಣಗಿನ ಇಂಜಿನಿನಲ್ಲಿ ಸರಿಯಾಗಿ ಆವಿಯಾಗಲ್ಲ, ಸ್ಲೋನಲ್ಲಿ ಬಹಳ ಹೊತ್ತು ಓಡಿಸಿದರೆ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ದಡ ಸೇರುವ ಸ್ವಲ್ಪ ಮೊದಲೇ ಪೆಟ್ರೋಲಿಗೆ ತಿರುಗಿಸಿ, ಬಟ್ಟಲಲ್ಲಿ ಪೆಟ್ರೋಲ್ ತುಂಬಿದ ಮೇಲೆ ಆಫ್ ಮಾಡಿದರೆ ಮರುದಿನ ಹಗ್ಗ ಎಳೆಯುವ ತೋಳಿಗೆ ಸುಖ. ರೇಷನ್ ಸೀಮೆಎಣ್ಣೆ ಕಡಿಮೆಯಾಗುತ್ತಾ ಬಂದದ್ದರಿಂದ 2023-24ರ ರಾಜ್ಯ ಬಜೆಟ್ಟಿನಲ್ಲಿ ಇಂಥ ಇಂಜಿನ್‌ಗಳನ್ನು ಪೆಟ್ರೋಲ್, ಡೀಸೆಲ್‌ಗೆ ಬದಲಿಸಲು ತಲಾ 50 ಸಾವಿರ ರೂಪಾಯಿ ಸಹಾಯಧನ ಹೇಳಿದ್ದರು. ಆದರೂ ಹಳೆ ಇಂಜಿನನ್ನು ಕೈಬಿಡದವರು ಇನ್ನೂ ಇದ್ದಾರೆ, ಹೊಸದರ ಬೆಲೆ ನೋಡಿದರೆ ಅವರನ್ನು ತಪ್ಪು ಅನ್ನಲಾಗದು.

ನಮಗೆ ಚಿಂತೆ ಇಂಜಿನಿಗಿಂತ ಕೈಗಳದು. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಕೌಲ್ ಬಜಾರಿನ ಆ ಮಿಸ್ತ್ರಿಯ ಹತ್ತಿರ ಕೆಲಸ ಕಲಿಯುವ ಹುಡುಗರು ಸ್ಕ್ಯಾನರ್ ಹಾಕುವುದು ಕಲಿಯುತ್ತಿದ್ದಾರೆ, ಜೆಟ್ ತೊಳೆಯುವುದನ್ನಲ್ಲ. “ಭಾಯ್, ಇದು ಕಲಿತು ಏನ್ ಮಾಡ್ಲಿ?” ಅಂತ ಒಬ್ಬ ಕೇಳಿದ. ಬೈಕಿನ ಲೆಕ್ಕದಲ್ಲಿ ಅವನ ಪ್ರಶ್ನೆ ನ್ಯಾಯವೇ. ಆದರೆ ಕರಾವಳಿಯ ನಾಡದೋಣಿ, ಇಲ್ಲಿನ ಹೊಲದ ಔಷಧಿ ಪಂಪು, ನೆರೆಯ ರಬ್ಬರ್ ಬೋಟು ಇವುಗಳಲ್ಲಿ ಕಾರ್ಬೊರೇಟರ್ ಇನ್ನೂ ಇದೆ. ಬೈಕ್ ಮಿಸ್ತ್ರಿಗೆ ಅಂಗಡಿ ಮುಚ್ಚಿದರೂ ಈ ಕೆಲಸಕ್ಕೆ ಗಿರಾಕಿ ಇದ್ದೇ ಇರುತ್ತಾರೆ.

ಕೆಲಸ ಮುಗಿದ ದಿನ ಇಂಜಿನನ್ನು ಹಾಗೇ ಎತ್ತಿಡಬೇಡಿ. ಉಪ್ಪುನೀರಿನ ಇಂಜಿನ್ ಆದರೆ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ, ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲುವ ತನಕ ಬಿಡಿ. ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಟ್ಯಾಂಕಿನಲ್ಲಿ ಉಳಿದ, ಎಣ್ಣೆ ಬೆರೆಸಿದ ಪೆಟ್ರೋಲನ್ನು ಮುಂದಿನ ಸೀಸನಿಗೆ ಕಾಪಿಡಬೇಡಿ. ಇಂಜಿನನ್ನು ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ತಿಂಗಳಿಗೊಂದು ಸಲ ಡ್ರಮ್ಮಿಗೆ ನೀರು ತುಂಬಿ, ಹೊಸ ಪೆಟ್ರೋಲ್ ಹಾಕಿ ಹತ್ತು ನಿಮಿಷ ಸ್ಲೋನಲ್ಲಿ ಓಡಿಸಿ, ಮತ್ತೆ ಮೊದಲಿನ ಹಾಗೆ ಬಟ್ಟಲು ಬರಿದು ಮಾಡಿಡಿ. ಸಿರುಗುಪ್ಪ ಕಡೆಯ ದೋಣಿಗಳಿಗೆ ಇದನ್ನು ಜೂನ್ ತಿಂಗಳೊಳಗೆ, ಹೊಳೆಗೆ ನೀರು ಬಿಡುವ ಮೊದಲೇ ಮಾಡಿ ಮುಗಿಸಬೇಕು. ಕರಾವಳಿಯವರು ಮೇ ಕೊನೆಯ ವಾರ ಇಟ್ಟುಕೊಂಡರೆ ಸರಿಹೋಗುತ್ತೆ.